ಕಾರವಾರ ಮತ್ತು ಅದರ ದ್ವೀಪಗಳು: ಒಂದು ಐತಿಹಾಸಿಕ-ಭೌಗೋಳಿಕ ಅಧ್ಯಯನ

ಕರ್ನಾಟಕದ ಕರಾವಳಿಯ ಬಂದರುಗಳ ಇತಿಹಾಸವನ್ನು ಬರೆದವರು ಭಟ್ಕಳ, ಹೊನ್ನಾವರ, ಬಸರೂರು, ಮಂಗಳೂರುಗಳಿಗೆ ನೀಡಿದಷ್ಟು ಸ್ಥಾನವನ್ನು ಕಾರವಾರಕ್ಕೆ ನೀಡಿಲ್ಲ. ಇದಕ್ಕೆ ಕಾರಣವಿಲ್ಲದಿಲ್ಲ. ಇಂದಿನ ಕಾರವಾರ ನಗರವು ಜಿಲ್ಲಾಕೇಂದ್ರವಾಗಿ ರೂಪುಗೊಂಡದ್ದು 1862ರ ನಂತರ. ಅದಕ್ಕೂ ಹಿಂದಿನ ಕಾರವಾರವಿದ್ದುದು ಬೇರೊಂದು ನೆಲೆಯಲ್ಲಿ. ಆದರೆ ನಗರದ ನೆಲೆ ಬದಲಾದರೂ ಅದರ ಕೊಲ್ಲಿ ಹಾಗೂ ಕೊಲ್ಲಿಯ ಮುಂದೆ ಕಾವಲಿನಂತೆ ನಿಂತಿರುವ ದ್ವೀಪಗಳು ಬದಲಾಗಲಿಲ್ಲ. ಆದ್ದರಿಂದ ಈ ಪ್ರದೇಶದ ಇತಿಹಾಸವನ್ನು ನಗರದಿಂದ ಆರಂಭಿಸದೆ ಸಮುದ್ರದ ಕಡೆಯಿಂದ, ಅಂದರೆ ದ್ವೀಪಗಳಿಂದ ನೋಡಿದಾಗ ಅದರ ಏಳುಬೀಳುಗಳು ಹೆಚ್ಚು ಸ್ಪಷ್ಟವಾಗುತ್ತವೆ. ಬಂದರಿಗೆ ಆಸರೆಯಾದ ದ್ವೀಪವೂ ಬಂದರಿನ ನೆಲವೂ ಶತಮಾನಗಳ ಕಾಲ ಒಂದೇ ಒಡೆತನದಲ್ಲಿರಲಿಲ್ಲ ಎಂಬ ಸಂಗತಿಯೇ ಕಾರವಾರದ ಚರಿತ್ರೆಯನ್ನು ಬಹುಮಟ್ಟಿಗೆ ರೂಪಿಸಿತೆಂಬುದನ್ನು ಪ್ರಸ್ತುತ ಪ್ರಬಂಧವು ಪರಿಶೀಲಿಸುತ್ತದೆ.

ಭೌಗೋಳಿಕ ಹಿನ್ನೆಲೆ

ಕರ್ನಾಟಕದ ಕರಾವಳಿಯ ಬೇರೆ ಕಡೆಗಳಲ್ಲಿ ಸಹ್ಯಾದ್ರಿಗೂ ಸಮುದ್ರಕ್ಕೂ ನಡುವೆ ಗದ್ದೆ ತೋಟಗಳ ಬಯಲು ಹರಡಿಕೊಂಡಿದೆ. ಕಾರವಾರದಲ್ಲಿ ಮಾತ್ರ ಬೆಟ್ಟದ ಚಾಚುಗಳು ನೇರವಾಗಿ ಕಡಲಿಗೆ ಇಳಿಯುತ್ತವೆ. ಹೀಗೆ ಕಡಲೊಳಗೆ ಚಾಚಿಕೊಂಡ ಕಾರವಾರದ ಭೂಶಿರದ ಉತ್ತರಕ್ಕೆ ಬೈತಖೋಲ ಹಾಗೂ ನಗರದ ಮುಂದಿನ ಕೊಲ್ಲಿ ಇದ್ದರೆ, ದಕ್ಷಿಣಕ್ಕೆ ಬಿಣಗಾ ಮತ್ತು ಅರ್ಗಾ ಕೊಲ್ಲಿಗಳಿವೆ. ನೈಋತ್ಯ ಮಾರುತದ ಅಬ್ಬರವನ್ನು ಭೂಶಿರವು ತಡೆಯುವುದರಿಂದ ಬೈತಖೋಲದಲ್ಲಿ ಮಳೆಗಾಲದಲ್ಲೂ ಹಡಗುಗಳಿಗೆ ಆಶ್ರಯ ದೊರೆಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಇಂತಹ ನೈಸರ್ಗಿಕ ನೆಲೆಗಳು ಬಹಳ ಇಲ್ಲ.

ನಗರದ ಉತ್ತರಕ್ಕೆ ಕಾಳಿನದಿಯು ಸಮುದ್ರವನ್ನು ಸೇರುತ್ತದೆ. ಇಂದಿನ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿ.ಮೀ. ದೂರವನ್ನು ಕಾಡುಗಳ ನಡುವೆ ಕ್ರಮಿಸಿ ಬರುವ ಈ ನದಿಯ ಅಳಿವೆಯಲ್ಲಿ ಮರಳಿನ ದಿಬ್ಬ ಕಟ್ಟಿಕೊಳ್ಳುವುದರಿಂದ ದೊಡ್ಡ ಹಡಗುಗಳು ಒಳಬರಲಾರವು. ಆದರೆ ಮೆಣಸು, ಮರ, ಬಟ್ಟೆಗಳನ್ನು ಹೊತ್ತ ಸಣ್ಣ ದೋಣಿಗಳಿಗೆ ಇದೇ ರಾಜಮಾರ್ಗವಾಗಿತ್ತು. ನದಿಯು ಸರಕನ್ನು ತರುತ್ತಿತ್ತು, ಕೊಲ್ಲಿಯು ಹಡಗನ್ನು ಕಾಯುತ್ತಿತ್ತು. ಈ ಎರಡರ ಸಂಗಮವೇ ಕಾರವಾರದ ಭೌಗೋಳಿಕ ಬಲ.

ಕೊಲ್ಲಿಯ ಮುಂದಿರುವ ದ್ವೀಪಗಳಲ್ಲಿ ನಾಲ್ಕು ಮುಖ್ಯವಾದವು. ಕಾಳಿಯ ಅಳಿವೆಯ ಹೊರಗೆ ಆಮೆಯ ಬೆನ್ನಿನಂತೆ ಕಾಣುವ ಕೂರ್ಮಗಡ, ಅದರ ನೆರೆಯ ಮಧ್ಯಲಿಂಗಗಡ, ದೀಪಸ್ತಂಭವಿರುವ ದೇವಗಡ ಹಾಗೂ ದಕ್ಷಿಣದಲ್ಲಿ ಬಿಣಗಾ ಮತ್ತು ಅರ್ಗಾ ತೀರಗಳಿಗೆ ಎದುರಾಗಿರುವ ಅಂಜದೀವ. ಇವುಗಳಲ್ಲಿ ಅಂಜದೀವದ ಉದ್ದ ಸುಮಾರು ಒಂದೂವರೆ ಕಿಲೋಮೀಟರಿನಷ್ಟು ಮಾತ್ರ. ಆದರೂ ಇತಿಹಾಸದ ದೃಷ್ಟಿಯಿಂದ ಇದಕ್ಕೆ ಸಾಟಿಯಾದ ದ್ವೀಪ ಈ ಕರಾವಳಿಯಲ್ಲಿ ಮತ್ತೊಂದಿಲ್ಲ. ಅಲ್ಲಿ ಸಿಹಿನೀರು ದೊರೆಯುತ್ತಿತ್ತು, ಸೌದೆ ಇತ್ತು, ಹಡಗುಗಳನ್ನು ದಡಕ್ಕೆಳೆದು ದುರಸ್ತಿ ಮಾಡಲು ತಕ್ಕ ಜಾಗವಿತ್ತು. ಹಾಯಿಹಡಗುಗಳ ಕಾಲದಲ್ಲಿ ಈ ಮೂರೂ ಒಂದೆಡೆ ದೊರೆಯುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಪ್ರಾಚೀನ ಉಲ್ಲೇಖಗಳು

ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನೌಕಾಕೈಪಿಡಿಯಾದ ‘ಪೆರಿಪ್ಲಸ್’ ಪಶ್ಚಿಮ ಕರಾವಳಿಯ ಕೆಲವು ದ್ವೀಪಗಳನ್ನೂ ‘ಕೆರ್ಸೊನೆಸಸ್’ ಎಂಬ ನೆಲೆಯನ್ನೂ ಹೆಸರಿಸುತ್ತದೆ. ಕೆರ್ಸೊನೆಸಸ್ ಎಂಬುದು ಕಾರವಾರದ ಭೂಶಿರವೆಂದೂ, ಅಲ್ಲಿ ಹೇಳಿರುವ ‘ಐಗಿಡಿ’ಯವರ ದ್ವೀಪವು ಅಂಜದೀವವಿರಬಹುದೆಂದೂ ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಆ ದ್ವೀಪವನ್ನು ಗೋವೆಯೊಂದಿಗೆ ಸಮೀಕರಿಸುವವರೂ ಇರುವುದರಿಂದ ಇದನ್ನು ಊಹೆಯ ಮಟ್ಟದಲ್ಲಿಯೇ ಇರಿಸುವುದು ಯುಕ್ತ.

ಇದಕ್ಕಿಂತ ಖಚಿತವಾದ ಆಧಾರಗಳು ಎರಡಿವೆ. ಮೊದಲನೆಯದು 14ನೆಯ ಶತಮಾನದ ಮೊರಾಕ್ಕೊ ಪ್ರವಾಸಿ ಇಬ್ನ್ ಬತೂತನ ಬರಹ. ಹೊನ್ನಾವರಕ್ಕೆ ಹೋಗುವ ಮುನ್ನ ಅವನ ಹಡಗು ದಡಕ್ಕೆ ಸಮೀಪದ ಒಂದು ಚಿಕ್ಕ ದ್ವೀಪದಲ್ಲಿ ಲಂಗರು ಹಾಕಿತು. ಅಲ್ಲಿ ಒಂದು ದೇವಾಲಯ, ತೋಟ ಮತ್ತು ನೀರಿನ ಕೊಳವಿದ್ದುದನ್ನೂ, ಎರಡು ವಿಗ್ರಹಗಳ ನಡುವೆ ಗೋಡೆಗೊರಗಿ ಕುಳಿತಿದ್ದ ಒಬ್ಬ ಜೋಗಿಯನ್ನು ಕಂಡುದನ್ನೂ ಅವನು ದಾಖಲಿಸಿದ್ದಾನೆ. ಈ ದ್ವೀಪವನ್ನು ಅಂಜದೀವವೆಂದೇ ಸಾಮಾನ್ಯವಾಗಿ ಗುರುತಿಸಲಾಗಿದೆ. ಎರಡನೆಯದು 1498ರಲ್ಲಿ ವಾಸ್ಕೋ ಡ ಗಾಮನ ಸಂಗಡಿಗನೊಬ್ಬನು ಬರೆದಿಟ್ಟ ದಿನಚರಿ. ಕತ್ತರಿಸಿದ ಕಲ್ಲುಗಳಿಂದ ಕಟ್ಟಿದ ದೊಡ್ಡ ಪೂಜಾಸ್ಥಾನವೊಂದು ಭಗ್ನವಾಗಿದ್ದು, ಉಳಿದ ಒಂದು ಗುಡಿಗೆ ಹುಲ್ಲು ಹೊದಿಸಿದ್ದರೆಂದೂ, ಒಳಗೆ ಮೂರು ಕರಿಯ ಕಲ್ಲುಗಳಿಗೆ ಪೂಜೆ ನಡೆಯುತ್ತಿತ್ತೆಂದೂ, ಸಮೀಪದಲ್ಲಿ ಅದೇ ಬಗೆಯ ಕಲ್ಲುಕಟ್ಟಡದ ಕೊಳವಿತ್ತೆಂದೂ ಅದರಲ್ಲಿ ಹೇಳಿದೆ.

ಒಂದೂವರೆ ಶತಮಾನದ ಅಂತರದಲ್ಲಿ, ಒಬ್ಬರ ಬರಹವನ್ನು ಇನ್ನೊಬ್ಬರು ಅರಿಯದೆ ಮಾಡಿದ ಈ ಎರಡು ವರ್ಣನೆಗಳು ದೇವಾಲಯ ಮತ್ತು ಕೊಳಗಳ ವಿಷಯದಲ್ಲಿ ಪರಸ್ಪರ ಹೊಂದುತ್ತವೆ. ಅಂಕೋಲೆಯ ಆರ್ಯಾದುರ್ಗಾದೇವಿಯ ಮೂಲಸ್ಥಾನ ಅಂಜದೀವವೆಂಬ ಐತಿಹ್ಯವೂ ಇದರೊಂದಿಗೆ ಪರಿಶೀಲನಾರ್ಹ. ದ್ವೀಪವು ಪರಕೀಯರ ವಶವಾದಾಗ ದೇವಿಯನ್ನು ಒಳನಾಡಿಗೆ ತಂದರೆಂಬ ಈ ನಂಬಿಕೆಗೆ ಶಾಸನದ ಬೆಂಬಲವಿಲ್ಲದಿದ್ದರೂ, ಪೋರ್ಚುಗೀಸರು ಬರುವ ಮುನ್ನ ಅಲ್ಲಿ ಪ್ರತಿಷ್ಠಿತ ದೇವಸ್ಥಾನವೊಂದಿತ್ತೆಂಬುದನ್ನು ಇಬ್ಬರು ಪರದೇಶೀಯರ ಸಾಕ್ಷ್ಯವು ದೃಢಪಡಿಸುತ್ತದೆ. ಅಂಜದೀವವು ಆಗ ನಿರ್ಜನ ಬಂಡೆಯಾಗಿರಲಿಲ್ಲ. ಎದುರು ತೀರದ ಜನಜೀವನದ ಭಾಗವೇ ಆಗಿತ್ತು.

ದ್ವೀಪ ಮತ್ತು ನೆಲದ ಅಗಲಿಕೆ

ಗಾಮನು ಮರುಪ್ರಯಾಣಕ್ಕೆ ಮುನ್ನ ತನ್ನ ಹಡಗುಗಳನ್ನು ದುರಸ್ತಿ ಮಾಡಿಸಿದ್ದು ಅಂಜದೀವದಲ್ಲಿ. ಗೋವೆಯ ಒಡೆಯನ ಸೇವೆಯಲ್ಲಿದ್ದ ಯೆಹೂದಿಯೊಬ್ಬನು ಅಲ್ಲಿಗೆ ಬಂದಾಗ ಅವನನ್ನು ಗೂಢಚಾರನೆಂದು ಶಂಕಿಸಿ ಸೆರೆಹಿಡಿದರು. ಮುಂದೆ ಪೋರ್ಚುಗಲ್ಲಿನಲ್ಲಿ ಗಾಸ್ಪರ್ ಡ ಗಾಮ ಎಂಬ ಹೆಸರು ಪಡೆದ ಅವನು 1500ರಲ್ಲಿ ಕಬ್ರಾಲನ ನೌಕಾಪಡೆಯೊಂದಿಗೆ ಭಾರತಕ್ಕೆ ಮರಳಿದನು.

1505ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ಕೊ ಡ ಅಲ್ಮೇಡನು ಅಂಜದೀವದಲ್ಲಿ ಕೋಟೆಯನ್ನು ಆರಂಭಿಸಿದನು. ಎದುರು ತೀರವು ಶತ್ರುವಿನ ಕೈಯಲ್ಲಿರುವಾಗ ದ್ವೀಪದ ಕೋಟೆಯನ್ನು ಕಾಯುವುದು ಕಷ್ಟವೆಂಬುದು ಶೀಘ್ರವೇ ಮನದಟ್ಟಾಯಿತು. ಬಿಜಾಪುರದ ಕಡೆಯ ನೌಕಾಪಡೆಯ ಆಕ್ರಮಣದ ನಂತರ ಪೋರ್ಚುಗೀಸರು ತಾವೇ ಆ ಕೋಟೆಯನ್ನು ಕೆಡವಿ ಹೊರಟುಹೋದರು. ಕಾಳಿಯ ಉತ್ತರ ದಡದ ಚಿತ್ತಾಕುಲವು ಆಗ ಬಿಜಾಪುರದ ಗಡಿಠಾಣೆ. ಪೋರ್ಚುಗೀಸ್ ಬರಹಗಳ ‘ಸಿಂತಾಕೋರ’ ಇದೇ ಆಗಿದೆ. 1510ರಲ್ಲಿ ಗೋವೆಯ ಮೇಲೆ ದಂಡೆತ್ತಿದ ಅಲ್ಬುಕರ್ಕನಿಗೆ ನೆರವಾದ ಹೊನ್ನಾವರದ ತಿಮ್ಮೋಜನು ಈ ಠಾಣೆಯನ್ನು ವಶಪಡಿಸಿಕೊಂಡನು. ಅದೇ ವರ್ಷ ಗೋವೆಯನ್ನು ತಾತ್ಕಾಲಿಕವಾಗಿ ಕಳೆದುಕೊಂಡಾಗ ಪೋರ್ಚುಗೀಸ್ ಹಡಗುಗಳಿಗೆ ಆಶ್ರಯ ದೊರೆತದ್ದು ಪುನಃ ಅಂಜದೀವದಲ್ಲಿ. ಗೋವೆ ಸ್ಥಿರವಾಗಿ ಕೈಸೇರಿದ ಮೇಲೆ ದ್ವೀಪದ ಮಹತ್ವ ಅವರ ದೃಷ್ಟಿಯಲ್ಲಿ ಕುಗ್ಗಿತು; ಆದರೆ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. ತೀರವು ಬಿಜಾಪುರ, ಸೋದೆ, ಮೈಸೂರು ಮತ್ತು ಬ್ರಿಟಿಷರ ಕೈಗಳಿಗೆ ದಾಟುತ್ತ ಹೋದರೂ ದ್ವೀಪದ ಇತಿಹಾಸವು ಗೋವೆಯ ಜೊತೆಗೇ ಉಳಿಯಿತು.

ಅಂಜದೀವ ಮತ್ತು ಮುಂಬಯಿ

ಮುಂಬಯಿಯ ಇತಿಹಾಸದ ಒಂದು ಕರುಣಾಜನಕ ಅಧ್ಯಾಯ ಕಾರವಾರದ ಎದುರಿನ ಈ ದ್ವೀಪದಲ್ಲಿ ನಡೆಯಿತೆಂಬುದು ಅಷ್ಟಾಗಿ ತಿಳಿದಿಲ್ಲ. 1661ರ ವಿವಾಹ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳೊಂದಿಗೆ ಮುಂಬಯಿ ದ್ವೀಪವು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಸಂದಿತ್ತು. ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ನಾನೂರರಷ್ಟು ಸೈನಿಕರೊಂದಿಗೆ 1662ರಲ್ಲಿ ಬಂದಿಳಿದಾಗ, ಅಧಿಕಾರಪತ್ರಗಳು ಸರಿಯಿಲ್ಲವೆಂಬ ನೆಪದಿಂದ ಪೋರ್ಚುಗೀಸ್ ಅಧಿಕಾರಿಗಳು ದ್ವೀಪವನ್ನು ಒಪ್ಪಿಸಲಿಲ್ಲ. ಇಳಿಯಲು ಬೇರೆ ನೆಲೆ ದೊರೆಯದ ಆ ಪಡೆ ಅಂಜದೀವವನ್ನು ಆಶ್ರಯಿಸಿತು.

ಲಿಸ್ಬನ್ ಮತ್ತು ಲಂಡನ್‌ಗಳ ನಡುವೆ ಪತ್ರವ್ಯವಹಾರ ನಡೆಯುತ್ತಿದ್ದ ಎರಡು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಅಂಜದೀವದ ಮಳೆ, ಜ್ವರ ಮತ್ತು ಆಹಾರದ ಕೊರತೆಗೆ ಸೈನಿಕರು ಒಬ್ಬೊಬ್ಬರಾಗಿ ಬಲಿಯಾದರು. 1664ರಲ್ಲಿ ಶಿಪ್‌ಮನ್ ಸಹ ಅಲ್ಲಿಯೇ ತೀರಿಕೊಂಡನು. ಅವನ ಕಾರ್ಯದರ್ಶಿಯಾಗಿದ್ದ ಹಂಫ್ರಿ ಕುಕ್ 1665ರ ಫೆಬ್ರುವರಿ 18ರಂದು ಮುಂಬಯಿಯನ್ನು ವಹಿಸಿಕೊಂಡಾಗ ಅವನೊಂದಿಗೆ ಉಳಿದಿದ್ದ ಸೈನಿಕರು ಸುಮಾರು ನೂರು ಮಂದಿ. ಮುಂದೆ ಬ್ರಿಟಿಷ್ ಸಾಮ್ರಾಜ್ಯದ ಮಹಾನಗರವಾಗಿ ಬೆಳೆದ ಮುಂಬಯಿಯ ಮೊದಲ ಇಂಗ್ಲಿಷ್ ಕಾವಲುಪಡೆಯ ಬಹುಪಾಲು ಜನ ಹೀಗೆ ಕಾರವಾರದ ಕಡಲಲ್ಲಿ ಮಣ್ಣಾದರು. ದ್ವೀಪದ ಎದುರಿಗೆ ಅಕ್ಕಿ, ಮೆಣಸು, ಬಟ್ಟೆಗಳಿಂದ ಸಮೃದ್ಧವಾದ ಕಾಳಿಯ ತೀರವಿದ್ದಿತು; ಇಂಗ್ಲಿಷ್ ವರ್ತಕರ ಕೋಠಿಯೂ ಅಲ್ಲಿತ್ತು. ಅಷ್ಟಾಗಿಯೂ ದ್ವೀಪದ ಸೈನಿಕರು ಉಳಿಯಲಿಲ್ಲ.

ಹಳೆಯ ಕಾರವಾರ

ಆ ಕೋಠಿಯಿದ್ದ ಕಾರವಾರ ಇಂದಿನ ನಗರವಲ್ಲ. ಈಗಿನ ನಗರದ ಪೂರ್ವಕ್ಕೆ ಸುಮಾರು ಐದು ಕಿ.ಮೀ. ದೂರದಲ್ಲಿ, ಕಾಳಿಯ ದಡದ ಕಡವಾಡದ ಪರಿಸರದಲ್ಲಿ ಹಳೆಯ ಕಾರವಾರವಿತ್ತು. ಕಡೆಯ ವಾಡೆ ಎಂಬ ಅರ್ಥದ ಕಡವಾಡವೇ ಕಾರವಾರವಾಯಿತೆಂಬ ನಿರುಕ್ತಿಯೂ ಪ್ರಚಲಿತವಿದೆ. 1638ರಲ್ಲಿ ಕೋರ್ಟೀನನ ವರ್ತಕ ಸಂಘವು ಇಲ್ಲಿ ಕೋಠಿಯನ್ನು ತೆರೆಯಿತು. ಅನಂತರ ಅದು ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಇಲ್ಲಿಂದ ಹೊರಹೋಗುತ್ತಿದ್ದ ಸರಕುಗಳಲ್ಲಿ ಸೋದೆ ಸೀಮೆಯ ಮೆಣಸು ಮತ್ತು ಹುಬ್ಬಳ್ಳಿಯ ಕಡೆಯ ನೇಕಾರರ ನಯವಾದ ಬಟ್ಟೆ ಮುಖ್ಯವಾದವು. ಘಟ್ಟದ ಮೇಲಿನ ಹುಬ್ಬಳ್ಳಿಗೂ ಕೆಳಗಿನ ಕಾರವಾರಕ್ಕೂ ಇದ್ದ ಈ ಸಂಬಂಧವು ಎರಡು ಶತಮಾನಗಳ ನಂತರ ಹತ್ತಿಯ ರೂಪದಲ್ಲಿ ಮರುಕಳಿಸಿದ್ದನ್ನು ಮುಂದೆ ಕಾಣಬಹುದು.

ವ್ಯಾಪಾರವಿದ್ದಲ್ಲಿ ದಾಳಿಯೂ ತಪ್ಪಲಿಲ್ಲ. 1665ರಲ್ಲಿ ಬಸರೂರನ್ನು ಸೂರೆಗೈದು ಗೋಕರ್ಣ, ಅಂಕೋಲೆಗಳ ಮೂಲಕ ಬಂದ ಶಿವಾಜಿಯು ಕಾರವಾರದ ವರ್ತಕರಿಂದ ಹಣ ವಸೂಲು ಮಾಡಿದನು. ಅದರಲ್ಲಿ ಇಂಗ್ಲಿಷರು ತೆತ್ತ ಪಾಲು 112 ಪೌಂಡುಗಳು. 1670ರ ದಶಕದಲ್ಲಿ ಇಲ್ಲಿಗೆ ಬಂದಿದ್ದ ವೈದ್ಯ ಜಾನ್ ಫ್ರಾಯರನ ಪ್ರವಾಸಕಥನವು ಆ ಕಾಲದ ಪ್ರಕ್ಷುಬ್ಧ ಪರಿಸ್ಥಿತಿಯ ಚಿತ್ರವನ್ನು ಒದಗಿಸುತ್ತದೆ. 1682ರಲ್ಲಿ ಸಂಭಾಜಿಯು ಅಂಜದೀವವನ್ನು ಭದ್ರಪಡಿಸಿಕೊಳ್ಳುವನೆಂಬ ಶಂಕೆಯಿಂದ ಪೋರ್ಚುಗೀಸರು ಅಲ್ಲಿ ಪುನಃ ಕೋಟೆ ಕಟ್ಟಿದರು. ಮೊದಲ ಕೋಟೆಯನ್ನು ಕೆಡವಿ ಸುಮಾರು 175 ವರ್ಷಗಳ ಮೇಲೆ ಕಟ್ಟಿದ ಈ ಕೋಟೆಯ ಗೋಡೆಗಳ ಅವಶೇಷಗಳೂ ಬ್ರೋತಾಸ್ ಮಾತೆಯ ಇಗರ್ಜಿಯೂ ದ್ವೀಪದಲ್ಲಿವೆ.

ಇದೇ ಕಾಲಘಟ್ಟದಲ್ಲಿ ಸೋದೆಯ ಅರಸರು ತೀರದ ರಕ್ಷಣೆಗೆ ಗಮನವಿತ್ತರು. ಬಸವಲಿಂಗರಾಜನು ಕಾಳಿಯ ಉತ್ತರ ದಡದ ಗುಡ್ಡದ ಮೇಲಿನ ಕೋಟೆಗೆ ತನ್ನ ತಂದೆ ಸದಾಶಿವರಾಜನ ಹೆಸರನ್ನಿಟ್ಟನೆಂದು ಪ್ರತೀತಿ, ಅದೇ ಸದಾಶಿವಗಡ. ಕೂರ್ಮಗಡವನ್ನೂ ಸೋದೆಯವರು ಭದ್ರಪಡಿಸಿದರು. ನದಿಯ ಬಾಯಿಯನ್ನು ಸದಾಶಿವಗಡ ಮತ್ತು ಕೂರ್ಮಗಡಗಳೂ, ದಕ್ಷಿಣದ ಕೊಲ್ಲಿಯನ್ನು ಪೋರ್ಚುಗೀಸರ ಅಂಜದೀವವೂ ಕಾಯುವಂತಾಯಿತು. ಒಂದೇ ಬಂದರಿನ ಎರಡು ಬಾಗಿಲುಗಳಿಗೆ ಇಬ್ಬರು ಕಾವಲುಗಾರರಿದ್ದಂತಹ ಈ ಸ್ಥಿತಿಯಲ್ಲಿ ಯಾರೊಬ್ಬರೂ ಕಾರವಾರವನ್ನು ಪೂರ್ಣ ಪ್ರಮಾಣದ ಬಂದರಾಗಿ ಬೆಳೆಸಲು ಸಾಧ್ಯವಾಗಲಿಲ್ಲ. 1752ರ ಸುಮಾರಿಗೆ ಪೋರ್ಚುಗೀಸರು ಸದಾಶಿವಗಡವನ್ನೂ ಹಿಡಿದಾಗ ಇಂಗ್ಲಿಷರು ಕಾರವಾರದ ಕೋಠಿಯನ್ನು ತೊರೆಯಬೇಕಾಯಿತು. ಕೋಟೆಯು ಸ್ವಲ್ಪ ಕಾಲದಲ್ಲೇ ಸೋದೆಗೆ ಮರಳಿತಾದರೂ ವ್ಯಾಪಾರ ಮರಳಲಿಲ್ಲ. 1763ರಲ್ಲಿ ಹೈದರಾಲಿಯ ಸೈನ್ಯ ಸೋದೆಯನ್ನು ಗೆದ್ದಾಗ ಅಲ್ಲಿನ ಅರಸನು ಗೋವೆಗೆ ತೆರಳಿ ಆಶ್ರಯ ಪಡೆದನು. 1799ರಲ್ಲಿ ಟೀಪುವಿನ ಪತನಾನಂತರ ಈ ಪ್ರದೇಶ ಕಂಪನಿಯ ಆಳ್ವಿಕೆಗೆ ಸೇರಿತು. 1801ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಂಡದ್ದು ಹಾಳುಬಿದ್ದ ಕಾರವಾರವನ್ನು.

ಹತ್ತಿಯ ಕನಸು ಮತ್ತು ಹೊಸ ನಗರ

ಇಂದಿನ ಕಾರವಾರವನ್ನು ಹುಟ್ಟಿಸಿದ್ದು ಧಾರವಾಡದ ಹತ್ತಿ ಎಂದರೆ ಅತಿಶಯೋಕ್ತಿಯಲ್ಲ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿಯ ಪೂರೈಕೆ ಕುಸಿದಾಗ ಮ್ಯಾಂಚೆಸ್ಟರಿನ ಗಿರಣಿಗಳ ದೃಷ್ಟಿ ಧಾರವಾಡ ಸೀಮೆಯ ಮೇಲೆ ಬಿತ್ತು. ಆ ಹತ್ತಿಗೆ ಅತಿ ಸಮೀಪದ ಉತ್ತಮ ಬಂದರು ಕಾರವಾರ. ಆದರೆ ಧಾರವಾಡ ಮುಂಬಯಿ ಪ್ರಾಂತಕ್ಕೂ ಕಾರವಾರ ಮದ್ರಾಸ್ ಪ್ರಾಂತಕ್ಕೂ ಸೇರಿದ್ದವು. ಮುಂಬಯಿಯ ವರ್ತಕರ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿ, ಮೀನುಗಾರರ ಹಳ್ಳಿಯಂತಿದ್ದ ಕಾರವಾರವನ್ನು ಜಿಲ್ಲಾಕೇಂದ್ರವಾಗಿಸಲಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಯಂತ್ರಸಾಮಗ್ರಿಯನ್ನು ಕಳುಹಿಸಿತು. ಘಟ್ಟದ ರಸ್ತೆಗಳ ಕೆಲಸ ಆರಂಭವಾಯಿತು. 1864ರಲ್ಲಿ ದೇವಗಡದ ಮೇಲೆ ದೀಪಸ್ತಂಭ ಬೆಳಗಿತು.

ಹೊಸ ಪಟ್ಟಣದ ಶಾಂತ ರೂಪವನ್ನು ಸಾಹಿತ್ಯಕ್ಕೆ ಸೇರಿಸಿದವರು ರವೀಂದ್ರನಾಥ ಠಾಕೂರರು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ 1880ರ ದಶಕದ ಆರಂಭದಲ್ಲಿ ತಂಗಿದ್ದ ಅವರು ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದದ್ದು ಇಲ್ಲಿಯೇ. ಕಾಳಿನದಿಯ ಮೇಲಿನ ಬೆಳದಿಂಗಳ ದೋಣಿವಿಹಾರವನ್ನು ಅವರು ಆತ್ಮಕಥನದಲ್ಲಿ ಸ್ಮರಿಸಿದ್ದಾರೆ.

ಆದರೆ ಬಂದರಿನ ಕನಸು ಅಷ್ಟರಲ್ಲಿ ಮಸುಕಾಗತೊಡಗಿತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲುಮಾರ್ಗ ನಿರ್ಮಿಸುವ ಪ್ರಸ್ತಾವ 1870ರ ಸುಮಾರಿಗೆ ಚರ್ಚೆಯಲ್ಲಿದ್ದರೂ, 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದವು ಗೋವೆಯ ಮರ್ಮಗೋವಾ ಬಂದರಿಗೆ ರೈಲುಮಾರ್ಗದ ದಾರಿ ತೆರೆಯಿತು. 1880ರ ದಶಕದ ಕೊನೆಗೆ ಆ ಮಾರ್ಗ ಸಿದ್ಧವಾದಾಗ ಘಟ್ಟದ ಮೇಲಿನ ಹತ್ತಿ ಸಹಜವಾಗಿಯೇ ಅತ್ತ ಹರಿಯಿತು. ಅಂಜದೀವವನ್ನು ಹಿಡಿದಿದ್ದ ರಾಜ್ಯವೇ ಕಾರವಾರದ ಒಳನಾಡನ್ನೂ ಪರೋಕ್ಷವಾಗಿ ತನ್ನ ಬಂದರಿಗೆ ಜೋಡಿಸಿಕೊಂಡಂತಾಯಿತು. ಬಂದರಿಗೆ ಆಳವಾದ ನೀರಿದ್ದರೆ ಸಾಲದು, ಬೆನ್ನಿಗೆ ದಾರಿಯೂ ಬೇಕು ಎಂಬ ಮಾತಿಗೆ ಕಾರವಾರಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಈ ನಗರಕ್ಕೆ ರೈಲು ಬರಲು ಕೊಂಕಣ ರೈಲ್ವೆಯವರೆಗೆ, ಅಂದರೆ 1990ರ ದಶಕದವರೆಗೆ ಕಾಯಬೇಕಾಯಿತು. ಅದು ಬಂದದ್ದೂ ಕರಾವಳಿಯ ಗುಂಟವೇ ಹೊರತು ಹುಬ್ಬಳ್ಳಿಯಿಂದಲ್ಲ.

ವಿಮೋಚನೆ ಮತ್ತು ನೌಕಾನೆಲೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉತ್ತರ ಕನ್ನಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅಂಜದೀವ ಆಗಲೂ ಪೋರ್ಚುಗೀಸರದೇ. 1961ರ ನವೆಂಬರಿನಲ್ಲಿ ದ್ವೀಪದ ಸೈನಿಕರು ‘ಸಾಬರಮತಿ’ ಎಂಬ ಪ್ರಯಾಣಿಕ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು. ಗೋವಾ ವಿಮೋಚನಾ ಕಾರ್ಯಾಚರಣೆಗೆ ಇದು ಒಂದು ತಕ್ಷಣದ ಕಾರಣವಾಯಿತು. ಡಿಸೆಂಬರ್ 18ರಂದು ‘ತ್ರಿಶೂಲ್’ ಮತ್ತು ‘ಮೈಸೂರು’ ಯುದ್ಧನೌಕೆಗಳ ನಾವಿಕರು ಅಂಜದೀವದ ಮೇಲಿಳಿದರು. ಈ ಹೋರಾಟದಲ್ಲಿ ಭಾರತೀಯ ನೌಕಾಪಡೆಯ ಏಳು ಮಂದಿ ಮಡಿದರು. ಮರುದಿನ ದ್ವೀಪ ಭಾರತದ ವಶವಾಯಿತು. ಆಡಳಿತದ ದೃಷ್ಟಿಯಿಂದ ಅದು ಗೋವೆಗೆ ಸೇರಿತು. ಹೀಗಾಗಿ ಎದುರಿನ ತೀರ ಕರ್ನಾಟಕದ್ದು, ದ್ವೀಪ ಗೋವೆಯದು ಎಂಬ ಹಳೆಯ ವಿಭಜನೆ ಹೊಸ ರೂಪದಲ್ಲಿ ಮುಂದುವರಿಯಿತು.

1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ‘ಸೀಬರ್ಡ್’ ನೌಕಾನೆಲೆ ಯೋಜನೆಗೆ ಅಡಿಗಲ್ಲಿರಿಸಿದರು. 2005ರ ಮೇ 31ರಂದು ‘ಐ.ಎನ್.ಎಸ್. ಕದಂಬ’ ಕಾರ್ಯಾರಂಭ ಮಾಡಿತು. ಬನವಾಸಿಯ ಕದಂಬರ ಹೆಸರನ್ನು ಹೊತ್ತ ಈ ನೆಲೆಗಾಗಿ ನಿರ್ಮಿಸಿದ ಅಲೆತಡೆಗೋಡೆಯು ಅಂಜದೀವವನ್ನು ತೀರಕ್ಕೆ ಜೋಡಿಸಿತು. ನಿಸರ್ಗವು ದ್ವೀಪವಾಗಿಸಿದ್ದ ಅಂಜದೀವ ಹೀಗೆ ದ್ವೀಪವಾಗಿ ಉಳಿಯಲಿಲ್ಲ.

ಈ ಜೋಡಣೆಗೆ ತೀರದ ಜನ ತೆತ್ತ ಬೆಲೆಯೂ ಇತಿಹಾಸಕಾರರ ಗಮನಕ್ಕೆ ಬರಬೇಕಾಗಿದೆ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ 13 ಗ್ರಾಮಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ತಾಣಗಳನ್ನು ಬಿಟ್ಟು ತೆರಳಿದವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆದವು. ಭದ್ರತೆಯ ಕಾರಣದಿಂದ ಅಂಜದೀವದ ಇಗರ್ಜಿಯ ಹಬ್ಬಕ್ಕೆ ದೋಣಿಗಳಲ್ಲಿ ಬರುತ್ತಿದ್ದ ಗೋವೆಯ ಭಕ್ತರಿಗೂ ಪ್ರವೇಶ ನಿರ್ಬಂಧಿತವಾಯಿತು. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಕಾರವಾರದ ಮೀನುಗಾರರು ಬೀದಿಗಿಳಿದಾಗ, ಅವರ ಆತಂಕದ ಹಿಂದೆ ಕೈತಪ್ಪಿದ ಕಡಲತೀರಗಳ ಈ ನೆನಪೂ ಇತ್ತು.

ಅಂಜದೀವದ ಬಾಗಿಲು ಜನಸಾಮಾನ್ಯರಿಗೆ ಮುಚ್ಚಿರುವಾಗ ದ್ವೀಪದೊಂದಿಗಿನ ತೀರದ ಸಂಬಂಧ ಜೀವಂತವಾಗಿರುವುದು ಕೂರ್ಮಗಡದಲ್ಲಿ. ಪುಷ್ಯ ಹುಣ್ಣಿಮೆಯ ಸುಮಾರಿಗೆ ಅಲ್ಲಿನ ನರಸಿಂಹದೇವರ ಜಾತ್ರೆಗೆ ಕೋಡಿಬಾಗ, ಬೈತಖೋಲಗಳಿಂದ ಸಿಂಗರಿಸಿದ ದೋಣಿಗಳು ಹೊರಡುತ್ತವೆ. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟರು. ಆ ದುರಂತದ ನಂತರವೂ ಜಾತ್ರೆ ನಿಲ್ಲಲಿಲ್ಲ. ಇಬ್ನ್ ಬತೂತನು ಕಂಡ ದ್ವೀಪದೇಗುಲದ ಪರಂಪರೆಯನ್ನು ಅರಿಯಲು ಈ ಜಾತ್ರೆಯ ಕ್ಷೇತ್ರಾಧ್ಯಯನವು ಸಹಾಯಕವಾಗಬಲ್ಲದು.

ಸಮಾರೋಪ

ಕಾರವಾರದ ಇತಿಹಾಸದಲ್ಲಿ ನಗರವು ಕಡವಾಡದಿಂದ ಇಂದಿನ ನೆಲೆಗೆ ಸರಿಯಿತು, ಆಳುವವರು ಬದಲಾದರು, ಮೆಣಸಿನ ಸ್ಥಾನಕ್ಕೆ ಹತ್ತಿಯೂ ಹತ್ತಿಯ ಸ್ಥಾನಕ್ಕೆ ಯುದ್ಧನೌಕೆಗಳೂ ಬಂದವು. ಈ ಎಲ್ಲ ಬದಲಾವಣೆಗಳ ನಡುವೆ ಸ್ಥಿರವಾಗಿದ್ದದ್ದು ಕೊಲ್ಲಿ ಮತ್ತು ಅದರ ದ್ವೀಪಗಳು. ದ್ವೀಪವನ್ನು ಮಾತ್ರ ಹಿಡಿದವರು 1506ರಲ್ಲಿಯೂ 1664ರಲ್ಲಿಯೂ ಸೋತರು. ತೀರವನ್ನು ಮಾತ್ರ ಹಿಡಿದ ಸೋದೆಯವರಿಗಾಗಲಿ ಬ್ರಿಟಿಷರಿಗಾಗಲಿ ಬಂದರು ಪೂರ್ಣವಾಗಿ ದಕ್ಕಲಿಲ್ಲ. ಎರಡನ್ನೂ ಒಂದುಗೂಡಿಸುವ ಕೆಲಸ ಸ್ವತಂತ್ರ ಭಾರತದಲ್ಲಿ ನಡೆಯಿತಾದರೂ, ಅದರ ಫಲವನ್ನು ದ್ವೀಪಕ್ಕೂ ನೆಲಕ್ಕೂ ನಡುವೆ ಸದಾ ದೋಣಿ ನಡೆಸಿದ ಜನ ಪಡೆದದ್ದು ಅತ್ಯಲ್ಪ. ಅಂಜದೀವದ ಕೊಳ, ಕೋಟೆಯ ಗೋಡೆ, ಹೆಸರಿಲ್ಲದ ಸೈನಿಕರ ಸಮಾಧಿನೆಲ ಹಾಗೂ ಪ್ರಾಚೀನ ದೇವಾಲಯದ ನೆಲೆಗಳ ಶಾಸ್ತ್ರೀಯ ಸರ್ವೇಕ್ಷಣೆಯನ್ನು ನೌಕಾಪಡೆ, ಕರ್ನಾಟಕ ಹಾಗೂ ಗೋವಾ ರಾಜ್ಯಗಳ ಪುರಾತತ್ತ್ವ ಇಲಾಖೆಗಳು ಒಂದಾಗಿ ಕೈಗೊಳ್ಳುವುದು ಅವಶ್ಯ. ತೀರದಿಂದ ತೆರವಾದ ಗ್ರಾಮಗಳ ಹಿರಿಯರ ಮೌಖಿಕ ನಿರೂಪಣೆಗಳ ಸಂಗ್ರಹವಂತೂ ಅದಕ್ಕಿಂತ ಮುನ್ನವೇ ಆಗಬೇಕಾದ ಕೆಲಸ. ಕಲ್ಲಿನ ಆಧಾರಗಳು ಇನ್ನೂ ಕೆಲವು ಕಾಲ ಉಳಿದಾವು. ಅಂಜದೀವವು ದ್ವೀಪವಾಗಿದ್ದ ದಿನಗಳನ್ನು ಕಂಡವರ ತಲೆಮಾರು ಮಾತ್ರ ಮರೆಯಾಗುತ್ತಿದೆ.